ಬೆಂಗಳೂರು–ಮಂಗಳೂರು ವಿಮಾನ: ದೂರ ಎಷ್ಟು, ಹೊತ್ತು ಎಷ್ಟು? ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನಿಂದ ಮಂಗಳೂರಿಗೆ ವಿಮಾನದಲ್ಲಿ ಎಷ್ಟು ದೂರ? ಎಷ್ಟು ಹೊತ್ತು ಬೇಕು?

ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣದಿಂದ ಬಜ್ಪೆಯ ಮಂಗಳೂರು ವಿಮಾನ ನಿಲ್ದಾಣಕ್ಕೆ ನೇರ ಗೆರೆಯಲ್ಲಿ ಸುಮಾರು 306 ಕಿಲೋಮೀಟರ್. ಪೈಲಟ್‌ಗಳ ಲೆಕ್ಕದಲ್ಲಿ 165 ನಾಟಿಕಲ್ ಮೈಲಿ. ಜೆಟ್ ವಿಮಾನ ನೆಲ ಬಿಟ್ಟು ಮತ್ತೆ ನೆಲ ಮುಟ್ಟಲು 40ರಿಂದ 45 ನಿಮಿಷ ಸಾಕು. ಟಿಕೆಟ್‌ನಲ್ಲಿ ಕಾಣುವುದು ಸಾಮಾನ್ಯವಾಗಿ ಒಂದು ಗಂಟೆಯಿಂದ ಒಂದೂಕಾಲು ಗಂಟೆ. ಬೆಂಗಳೂರಿನ ಮನೆಯಿಂದ ಹೊರಟು ಮಂಗಳೂರಿನ ಮನೆ ಸೇರುವುದಕ್ಕೆ ಐದರಿಂದ ಐದೂವರೆ ಗಂಟೆ ಹಿಡಿಯಿರಿ. ಜನ ಕೇಳುವುದು ಮೊದಲ ಅಂಕಿಯನ್ನು. ದಿನದ ಕೆಲಸ ಹೊಂದಿಸಿಕೊಳ್ಳಲು ಬೇಕಾಗುವುದು ಕೊನೆಯದು.

ಒಂದು ಕಡೆ 296 ಕಿ.ಮೀ. ಅಂತ ಇದೆ, ಇನ್ನೊಂದು ಕಡೆ 306, ಮತ್ತೊಂದು ಕಡೆ 350. ಯಾವುದು ಸರಿ?

ಮೂರೂ ಸರಿ, ಅಳೆದ ಜಾಗ ಬೇರೆ ಬೇರೆ. ಮೆಜೆಸ್ಟಿಕ್‌ನಿಂದ ಹಂಪನಕಟ್ಟೆಗೆ ಆಕಾಶದಲ್ಲಿ ದಾರ ಎಳೆದರೆ 296ರ ಆಸುಪಾಸು. ವಿಮಾನ ನಿಲ್ದಾಣದಿಂದ ವಿಮಾನ ನಿಲ್ದಾಣಕ್ಕೆ ಎಳೆದರೆ 306, ಏಕೆಂದರೆ ದೇವನಹಳ್ಳಿ ಬೆಂಗಳೂರಿನಿಂದ ಉತ್ತರಕ್ಕೂ ಸ್ವಲ್ಪ ಪೂರ್ವಕ್ಕೂ ಇದೆ. ಅಂದರೆ ಮಂಗಳೂರಿಗೆ ಹೋಗುವವರು ಮೊದಲು ಮಂಗಳೂರಿನಿಂದ ಇನ್ನಷ್ಟು ದೂರ ಹೋಗಿ ಆಮೇಲೆ ವಿಮಾನ ಹತ್ತುತ್ತಾರೆ. 350 ಎನ್ನುವುದು ರಸ್ತೆ: ನೆಲಮಂಗಲ, ಕುಣಿಗಲ್, ಚನ್ನರಾಯಪಟ್ಟಣ, ಹಾಸನ, ಸಕಲೇಶಪುರ, ಶಿರಾಡಿ ಘಾಟಿ, ಉಪ್ಪಿನಂಗಡಿ, ಬಿ.ಸಿ.ರೋಡ್ ಮೂಲಕ ಹೋಗುವ ರಾಷ್ಟ್ರೀಯ ಹೆದ್ದಾರಿ 75. ಹಳಬರು ಇದನ್ನು ಈಗಲೂ ಎನ್‌ಎಚ್ 48 ಎನ್ನುತ್ತಾರೆ.

ಈ 306ನ್ನು ನಾವೇ ಲೆಕ್ಕ ಹಾಕಬಹುದೇ?

ಹಾಕಬಹುದು, ಕಾಗದ ಪೆನ್ನು ಸಾಕು. ಬೆಂಗಳೂರು ನಿಲ್ದಾಣ ಇರುವುದು 13.20 ಡಿಗ್ರಿ ಉತ್ತರ ಅಕ್ಷಾಂಶ, 77.71 ಡಿಗ್ರಿ ಪೂರ್ವ ರೇಖಾಂಶದಲ್ಲಿ. ಮಂಗಳೂರು ನಿಲ್ದಾಣ 12.96 ಉತ್ತರ, 74.89 ಪೂರ್ವ. ರೇಖಾಂಶದ ವ್ಯತ್ಯಾಸ 2.82 ಡಿಗ್ರಿ. ನಮ್ಮ ಅಕ್ಷಾಂಶದಲ್ಲಿ ಒಂದು ಡಿಗ್ರಿ ರೇಖಾಂಶ ಎಂದರೆ ಸುಮಾರು 108.4 ಕಿ.ಮೀ., ಹಾಗಾಗಿ ದಶಾಂಶ ಬಿಟ್ಟರೆ ಪೂರ್ವ–ಪಶ್ಚಿಮವಾಗಿ 305 ಕಿ.ಮೀ. ಆಯಿತು. ಅಕ್ಷಾಂಶದ ವ್ಯತ್ಯಾಸ 0.24 ಡಿಗ್ರಿ, ಡಿಗ್ರಿಗೆ 111 ಕಿ.ಮೀ.ಯಂತೆ, ಇಲ್ಲೂ ದಶಾಂಶ ಬಿಟ್ಟರೆ, 26 ಕಿ.ಮೀ. ಇನ್ನು ಹೈಸ್ಕೂಲಿನ ಪೈಥಾಗೊರಸ್: 305ರ ವರ್ಗ 93,025, 26ರ ವರ್ಗ 676, ಎರಡೂ ಕೂಡಿ ವರ್ಗಮೂಲ ತೆಗೆದರೆ 306. ಇಷ್ಟು ಕಡಿಮೆ ದೂರಕ್ಕೆ ಭೂಮಿ ಗುಂಡಗಿದೆ ಎಂಬ ಚಿಂತೆ ಬೇಡ. ಬೆಂಗಳೂರಿನಿಂದ ಅಮೆರಿಕಕ್ಕೆ ಲೆಕ್ಕ ಹಾಕುವಾಗ ಮಾತ್ರ ಈ ವಿಧಾನ ಕೈಕೊಡುತ್ತದೆ.

ವಿಮಾನ ಗಂಟೆಗೆ 800 ಕಿ.ಮೀ. ಹೋಗುತ್ತದೆ ಅಂತಾರೆ. ಹಾಗಾದರೆ 306 ಕಿ.ಮೀ.ಗೆ 23 ನಿಮಿಷ ಸಾಕಲ್ಲ?

ಆ 800 ಎನ್ನುವುದು ಮೇಲೇರಿ ಸಮತಟ್ಟಾಗಿ ಹಾರುವಾಗಿನ ವೇಗ. ಈ ದಾರಿಯಲ್ಲಿ ಸಮತಟ್ಟು ಹಾರಾಟವೇ ಹೆಚ್ಚಿಲ್ಲ. ಏರುವುದು ಮುಗಿಯುವ ಹೊತ್ತಿಗೆ ಇಳಿಯುವ ಕೆಲಸ ಶುರುವಾಗಿರುತ್ತದೆ.

ಗಡಿಯಾರ ಹಿಡಿದು ನೋಡಿದರೆ ಹೀಗೆ ಕಾಣುತ್ತದೆ. ಬಾಗಿಲು ಮುಚ್ಚಿ ವಿಮಾನವನ್ನು ಹಿಂದಕ್ಕೆ ತಳ್ಳುವುದು, ಎಂಜಿನ್ ಚಾಲೂ ಮಾಡುವುದು, ರನ್‌ವೇ ತುದಿಗೆ ಉರುಳುವುದು, ಮುಂದಿರುವ ಎರಡು ಮೂರು ವಿಮಾನ ಹಾರುವ ತನಕ ಕಾಯುವುದು ಇವೆಲ್ಲ ಸೇರಿ ಬೆಂಗಳೂರಿನಲ್ಲಿ 12ರಿಂದ 20 ನಿಮಿಷ. ಟೇಕಾಫ್ ಆದ ಮೇಲೆ 25,000 ಅಡಿಯ ಆಸುಪಾಸಿಗೆ ಏರಲು 12–13 ನಿಮಿಷ. ಅಲ್ಲಿ ಸಮತಟ್ಟಾಗಿ ಹತ್ತು ನಿಮಿಷ, ಕೆಲವೊಮ್ಮೆ ಅದೂ ಇಲ್ಲ. ಇಳಿಯಲು 15–18 ನಿಮಿಷ. 10,000 ಅಡಿಗಿಂತ ಕೆಳಗೆ ವೇಗವನ್ನು 250 ನಾಟ್‌ಗೆ, ಅಂದರೆ ಗಂಟೆಗೆ ಸುಮಾರು 460 ಕಿ.ಮೀ.ಗೆ ಕಟ್ಟಿಹಾಕಿರುತ್ತಾರೆ. ಕೊನೆಯ ಹಂತದಲ್ಲಿ ಚಕ್ರ ಬಿಟ್ಟು ರೆಕ್ಕೆಯ ಫ್ಲ್ಯಾಪ್ ತೆರೆದಾಗ ಗಂಟೆಗೆ 250 ಕಿ.ಮೀ.ಗೂ ಬರುತ್ತದೆ. ಇಳಿದ ಮೇಲೆ ಬಜ್ಪೆ ಚಿಕ್ಕ ನಿಲ್ದಾಣವಾದ್ದರಿಂದ ನಿಲ್ಲುವ ಜಾಗಕ್ಕೆ ನಾಲ್ಕೈದು ನಿಮಿಷ.

ಇದಲ್ಲದೆ ವಿಮಾನ ದಾರ ಎಳೆದ ಹಾಗೆ ಹೋಗುವುದಿಲ್ಲ. ನಿಲ್ದಾಣದಿಂದ ಹೊರಬೀಳಲು ಒಂದು ಗೊತ್ತುಪಡಿಸಿದ ದಾರಿ, ಒಳಬರಲು ಇನ್ನೊಂದು. ಈ ತಿರುವುಗಳೆಲ್ಲ ಸೇರಿದರೆ ನಿಜವಾಗಿ ಹಾರುವ ದೂರ 306ಕ್ಕಿಂತ ಹೆಚ್ಚೇ. ಒಟ್ಟಾರೆ ಸರಾಸರಿ ತೆಗೆದರೆ ಗಾಳಿಯಲ್ಲಿರುವಾಗಲೂ ವೇಗ ಗಂಟೆಗೆ 450–500 ಕಿ.ಮೀ. ದಾಟುವುದು ಅಪರೂಪ.

ಟಿಕೆಟ್‌ನಲ್ಲಿ ಒಂದು ಗಂಟೆ ಹತ್ತು ನಿಮಿಷ ಎಂದಿತ್ತು. ತಡವಾಗಿ ಹೊರಟರೂ ವಿಮಾನ ಸರಿಯಾದ ಹೊತ್ತಿಗೇ ತಲುಪಿತು. ಹೇಗೆ?

ಟಿಕೆಟ್‌ನಲ್ಲಿರುವುದು ಹಾರಾಟದ ಹೊತ್ತಲ್ಲ, ಗೇಟಿನಿಂದ ಗೇಟಿಗೆ ಹಿಡಿಯುವ ಹೊತ್ತು. ವಿಮಾನಯಾನದವರು ಇದನ್ನು ಬ್ಲಾಕ್ ಟೈಮ್ ಎನ್ನುತ್ತಾರೆ. ಅದರಲ್ಲಿ ಬೆಂಗಳೂರಿನ ಸರತಿಗೆಂದು ಐದು ಹತ್ತು ನಿಮಿಷ ಮೊದಲೇ ಸೇರಿಸಿರುತ್ತಾರೆ. ಸರತಿ ಇಲ್ಲದ ದಿನ ಆ ನಿಮಿಷಗಳು ಉಳಿಯುತ್ತವೆ. ತಡವಾಗಿ ಹೊರಟ ವಿಮಾನ ಸಮಯಕ್ಕೆ ಮುಟ್ಟುವುದು ಪೈಲಟ್ ಗಾಡಿ ಓಡಿಸಿದ್ದರಿಂದಲ್ಲ. ಇಷ್ಟು ಚಿಕ್ಕ ದಾರಿಯಲ್ಲಿ ವೇಗ ಹೆಚ್ಚಿಸಿ ಗಳಿಸುವುದು ಹೆಚ್ಚೆಂದರೆ ಎರಡು ನಿಮಿಷ.

ಹೋಗುವಾಗಲೂ ಬರುವಾಗಲೂ ಒಂದೇ ಹೊತ್ತು ಹಿಡಿಯುತ್ತದೆಯೇ?

ಇಲ್ಲ, ಆದರೆ ಕಾರಣ ಹೆಚ್ಚಿನವರು ಊಹಿಸುವ ಹಾಗೆ ಮೇಲಿನ ಗಾಳಿಯಲ್ಲ. ಅರ್ಧ ಮುಕ್ಕಾಲು ಗಂಟೆಯ ಹಾರಾಟದಲ್ಲಿ ಗಾಳಿಯಿಂದ ಆಗುವ ವ್ಯತ್ಯಾಸ ಕೆಲವೇ ನಿಮಿಷ. ದೊಡ್ಡ ವ್ಯತ್ಯಾಸ ಮಾಡುವುದು ಯಾವ ದಿಕ್ಕಿಗೆ ಟೇಕಾಫ್ ಎನ್ನುವುದು.

ಬೆಂಗಳೂರಿನ ಎರಡು ರನ್‌ವೇಗಳೂ ಪೂರ್ವ–ಪಶ್ಚಿಮವಾಗಿವೆ, ತಲಾ 4,000 ಮೀಟರ್ ಉದ್ದ. ವಿಮಾನ ಸಾಮಾನ್ಯವಾಗಿ ಗಾಳಿಗೆ ಎದುರಾಗಿ ಏರುತ್ತದೆ, ಎದುರಾಗಿಯೇ ಇಳಿಯುತ್ತದೆ. ಮುಂಗಾರಿನಲ್ಲಿ ಗಾಳಿ ಪಶ್ಚಿಮದಿಂದ ಬೀಸುವುದರಿಂದ ಪಶ್ಚಿಮಕ್ಕೆ ಮುಖ ಮಾಡಿ ಏರಿ, ಹಾಗೆಯೇ ಮಂಗಳೂರಿನ ಕಡೆ ಹೊರಟುಬಿಡುತ್ತದೆ. ಚಳಿಗಾಲದಲ್ಲಿ ಮೂಡಣ ಗಾಳಿ. ಆಗ ಕೋಲಾರದ ಕಡೆ ಏರಿ, ಅರ್ಧ ಸುತ್ತು ಹಾಕಿ ಹಿಂದಿರುಗಬೇಕು. ಅದಕ್ಕೇ ನಾಲ್ಕೈದು ನಿಮಿಷ ಹೆಚ್ಚು. ಮಂಗಳೂರಿನ ಕಡೆಯೂ ಇದೇ ಕಥೆ. ಅಲ್ಲಿನ ಮುಖ್ಯ ರನ್‌ವೇ 2,450 ಮೀಟರ್, ಒಂದು ತುದಿಯ ಸಂಖ್ಯೆ 24, ಇನ್ನೊಂದು ತುದಿಯದು 06. ಘಟ್ಟದ ಕಡೆಯಿಂದ ಸಮುದ್ರದ ಕಡೆಗೆ ಇಳಿಯುವುದಾದರೆ 24, ಬೆಂಗಳೂರಿನಿಂದ ಬರುವವರಿಗೆ ಇದು ಹತ್ತಿರ. 06 ಸಿಕ್ಕರೆ ಊರು ದಾಟಿ ಸಮುದ್ರದ ಮೇಲೆ ತಿರುಗಿ ಪಣಂಬೂರಿನ ಕಡೆಯಿಂದ ಬರಬೇಕು. ನಿಮಿಷ ಹೆಚ್ಚಾದರೂ ಬಂದರು, ಅಳಿವೆ, ಕಡಲತೀರ ಎಲ್ಲ ಕಿಟಕಿಗೆ ಬರುತ್ತವೆ.

ಬುಕ್ ಮಾಡುವಾಗ ಎಟಿಆರ್ ಎಂದು ಬರುತ್ತದೆ. ಅದು ಬೇರೆಯೇ?

ಎಟಿಆರ್ 72 ಎಂದರೆ ಪಂಖದ ವಿಮಾನ, ಎಪ್ಪತ್ತರಿಂದ ಎಂಬತ್ತರೊಳಗೆ ಸೀಟು. ವೇಗ ಗಂಟೆಗೆ ಸುಮಾರು 500 ಕಿ.ಮೀ. ಹಾರುವ ಎತ್ತರ ಜೆಟ್‌ಗಿಂತ ಕಡಿಮೆ. ಜೆಟ್‌ಗೆ ಹೋಲಿಸಿದರೆ ಈ ದಾರಿಯಲ್ಲಿ ಹತ್ತು ನಿಮಿಷ ತಡ, ಅಷ್ಟೇ. ದೂರ ಕಡಿಮೆಯಾದಷ್ಟೂ ಜೆಟ್‌ನ ವೇಗದ ಲಾಭ ಕರಗುತ್ತದೆ, ಇಂಧನವೂ ಎಟಿಆರ್‌ಗೆ ಕಡಿಮೆ ಸಾಕು.

ತೊಂದರೆ ಎರಡು. ತಲೆಯ ಮೇಲಿನ ಲಗೇಜ್ ಗೂಡು ಚಿಕ್ಕದು, ಗಟ್ಟಿ ಟ್ರಾಲಿ ಹಿಡಿಸದೆ ಹತ್ತುವ ಮುಂಚೆ ಕೊಟ್ಟುಬಿಡಿ ಎನ್ನುತ್ತಾರೆ. ಇನ್ನೊಂದು, ಮೋಡದ ಮೇಲೆ ಏರಿ ತಪ್ಪಿಸಿಕೊಳ್ಳುವ ಬದಲು ಮೋಡದ ಎತ್ತರದಲ್ಲೇ ಹಾರುವುದರಿಂದ ಮಳೆಗಾಲದಲ್ಲಿ ಕುಲುಕಾಟ ಹೆಚ್ಚು. ವಾಂತಿ ಬರುವ ಅಭ್ಯಾಸ ಇದ್ದವರು ರೆಕ್ಕೆಯ ಹತ್ತಿರದ ಸಾಲು ಆರಿಸಿಕೊಳ್ಳಿ, ಅಲ್ಲಿ ಕುಲುಕು ಕಡಿಮೆ. ಒಂದು ಮಾತು: ಎಟಿಆರ್‌ಗೆ ಸಾಮಾನ್ಯವಾಗಿ ಹಿಂದಿನ ಬಾಗಿಲಿಂದ ಹತ್ತಿಸುತ್ತಾರೆ. ಬೇಗ ಇಳಿಯಬೇಕೆಂದು ಮುಂದಿನ ಸಾಲಿಗೆ ದುಡ್ಡು ಕೊಟ್ಟರೆ ಕೊನೆಯಲ್ಲಿ ಇಳಿಯುವವರು ನೀವೇ.

ಮನೆಯಿಂದ ಎಷ್ಟು ಹೊತ್ತಿಗೆ ಹೊರಡಬೇಕು?

ಹಿಂದಿನಿಂದ ಲೆಕ್ಕ ಹಾಕಿ. ವಿಮಾನ ಬೆಳಗ್ಗೆ 10ಕ್ಕೆ ಎಂದಿಟ್ಟುಕೊಳ್ಳಿ. ದೇಶೀಯ ವಿಮಾನಗಳಿಗೆ ಬ್ಯಾಗ್ ಕೊಡುವ ಕೌಂಟರ್ 60 ನಿಮಿಷ ಮೊದಲೇ, 9ಕ್ಕೆ, ಮುಚ್ಚುತ್ತದೆ. ಹತ್ತುವ ಗೇಟು 25 ನಿಮಿಷ ಮೊದಲು, 9:35ಕ್ಕೆ ಬಂದ್. ಮುಚ್ಚಿದ ಗೇಟು ತೆರೆಸಿದ ಪುಣ್ಯಾತ್ಮರು ಯಾರೂ ಇಲ್ಲ, ವಿಮಾನ ಎದುರಿಗೇ ನಿಂತಿದ್ದರೂ. ಭದ್ರತಾ ತಪಾಸಣೆಗೆ ಬೆಳಗಿನ ನೂಕುನುಗ್ಗಲಲ್ಲಿ ಅರ್ಧ ಗಂಟೆ ಬೇಕಾಗಬಹುದು. ಹಾಗಾಗಿ 8:15ಕ್ಕೆ ಟರ್ಮಿನಲ್ ಬಾಗಿಲಲ್ಲಿ ಇರಬೇಕು.

ಮೆಜೆಸ್ಟಿಕ್‌ನಿಂದ ನಿಲ್ದಾಣಕ್ಕೆ ಸುಮಾರು 35 ಕಿ.ಮೀ., ಬನಶಂಕರಿ ಜಯನಗರದ ಕಡೆಯಿಂದ 45ರ ಹತ್ತಿರ. ಇಡೀ ದಾರಿಯ ಹೊತ್ತನ್ನು ನಿರ್ಧರಿಸುವುದು ಹೆಬ್ಬಾಳ. ಅದನ್ನು ದಾಟಿದ ಮೇಲೆ ಸಾದಹಳ್ಳಿ ಟೋಲ್ ತನಕ ಸಲೀಸು. ಬನಶಂಕರಿಯವರು 6:30ಕ್ಕೆ ಗಾಡಿಯಲ್ಲಿ ಕೂತಿರಲಿ.

ಮುಂದಿನದನ್ನೂ ಕೂಡಿಸಿ: 11:05ಕ್ಕೆ ಬಜ್ಪೆಯ ಗೇಟು, ಬ್ಯಾಗ್ ಕೈಗೆ ಬರಲು 11:25, ಹಂಪನಕಟ್ಟೆಗೆ 12:05. ಒಟ್ಟು ಐದೂವರೆ ಗಂಟೆ. ಅದರಲ್ಲಿ ಆಕಾಶದಲ್ಲಿ ಇದ್ದದ್ದು ಮುಕ್ಕಾಲು ಗಂಟೆ. ಕೈಚೀಲ ಮಾತ್ರ ಇದ್ದು, ಯಲಹಂಕದಲ್ಲೋ ಸಹಕಾರನಗರದಲ್ಲೋ ಮನೆ ಇದ್ದವರಿಗೆ ಇದೇ ಪ್ರಯಾಣ ಮೂರೂವರೆ ನಾಲ್ಕು ಗಂಟೆಗೆ ಇಳಿಯುತ್ತದೆ.

ವಿಮಾನ ನಿಲ್ದಾಣಕ್ಕೆ ಬಸ್ಸು?

ಬಿಎಂಟಿಸಿಯ ವಾಯುವಜ್ರ. ಮೆಜೆಸ್ಟಿಕ್‌ನಿಂದ ಹೋಗುವುದು ಕೆಐಎ-9, ರಾತ್ರಿಯಲ್ಲೂ ಓಡುತ್ತದೆ. ಟ್ರಾಫಿಕ್ ಹೊತ್ತಿನಲ್ಲಿ ಟ್ಯಾಕ್ಸಿಗೂ ಇದಕ್ಕೂ ದೊಡ್ಡ ವ್ಯತ್ಯಾಸ ಇಲ್ಲ, ಇಬ್ಬರೂ ಹೆಬ್ಬಾಳದಲ್ಲೇ ನಿಲ್ಲುವುದು.

ಒಂದನೇ ಟರ್ಮಿನಲ್ಲೋ ಎರಡನೆಯದೋ?

ಯಾವ ಕಂಪನಿ ಎನ್ನುವುದರ ಮೇಲೆ. ಇಂಡಿಗೋದ ದೇಶೀಯ ವಿಮಾನಗಳು ಒಂದನೇ ಟರ್ಮಿನಲ್‌ನಿಂದ, ಏರ್ ಇಂಡಿಯಾ ಎಕ್ಸ್‌ಪ್ರೆಸ್ ಎರಡನೆಯದರಿಂದ. ಇದು ಆಗಾಗ ಬದಲಾಗುವುದುಂಟು, ಟಿಕೆಟ್‌ನಲ್ಲಿ ಟಿ1 ಅಥವಾ ಟಿ2 ಎಂದು ಬರೆದದ್ದೇ ಕೊನೆಯ ಮಾತು. ತಪ್ಪು ಟರ್ಮಿನಲ್‌ನಲ್ಲಿ ಇಳಿದರೆ ಗಾಬರಿ ಬೇಡ, ಎರಡರ ನಡುವೆ ಬಸ್ಸು ಓಡಾಡುತ್ತದೆ. ಆದರೆ ಹದಿನೈದು ಇಪ್ಪತ್ತು ನಿಮಿಷ ಹೋಯಿತೆಂದೇ ತಿಳಿಯಿರಿ.

ಬಜ್ಪೆಯಲ್ಲಿ ಇಳಿದ ಮೇಲೆ ಮುಂದಿನ ದಾರಿ ಎಷ್ಟು?

ಮಂಗಳೂರು ಪೇಟೆಗೆ 13–15 ಕಿ.ಮೀ., ಕಾವೂರು ಅಥವಾ ಯೆಯ್ಯಾಡಿ ಮೂಲಕ ಅರ್ಧದಿಂದ ಮುಕ್ಕಾಲು ಗಂಟೆ. ಕಟೀಲಿಗೂ ಹೆಚ್ಚುಕಡಿಮೆ ಅಷ್ಟೇ ದೂರ, ಬೇರೆ ದಿಕ್ಕಿನಲ್ಲಿ. ದೇವಸ್ಥಾನಕ್ಕೆಂದೇ ಬರುವವರು ಮಂಗಳೂರಿಗೆ ಹೋಗಿ ಮತ್ತೆ ವಾಪಸ್ ಬರುವ ತಪ್ಪು ಮಾಡಬೇಡಿ. ಉಡುಪಿ, ಮಣಿಪಾಲಕ್ಕೆ 55–60 ಕಿ.ಮೀ., ಒಂದೂವರೆ ಗಂಟೆ ಇಟ್ಟುಕೊಳ್ಳಿ. ಸುಬ್ರಹ್ಮಣ್ಯಕ್ಕೆ ಹೋಗುವವರಿಗೆ ವಿಮಾನದಿಂದ ಏನೂ ಲಾಭವಿಲ್ಲ. ಬಜ್ಪೆಯಿಂದ ನೂರು ಕಿ.ಮೀ.ಗೂ ಹೆಚ್ಚು ಬೆಂಗಳೂರಿನ ಕಡೆಗೇ ತಿರುಗಿ ಬರಬೇಕು. ಧರ್ಮಸ್ಥಳಕ್ಕೂ ಬಹುಮಟ್ಟಿಗೆ ಇದೇ ಮಾತು.

ಪೇಟೆಗೆ ಬರುವ ಖಾಸಗಿ ಸಿಟಿ ಬಸ್ಸುಗಳು ಬಜ್ಪೆ ರಸ್ತೆಯಲ್ಲಿ ಸಿಗುತ್ತವೆ. ದೊಡ್ಡ ಬ್ಯಾಗ್ ಇದ್ದರೆ ನಿಲ್ದಾಣದ ಪ್ರಿಪೇಯ್ಡ್ ಟ್ಯಾಕ್ಸಿ ಸುಲಭ.

ಬಸ್ಸು, ರೈಲು, ವಿಮಾನ: ಯಾವುದು ಒಳ್ಳೆಯದು?

ರಾತ್ರಿ ಬಸ್ಸಿನಲ್ಲಿ ಏಳೂವರೆಯಿಂದ ಒಂಬತ್ತು ಗಂಟೆ. ಮೆಜೆಸ್ಟಿಕ್‌ನಲ್ಲಿ ಹತ್ತು ಗಂಟೆಗೆ ಹತ್ತಿದರೆ ಬೆಳಗ್ಗೆ ಆರೂವರೆಗೆ ಬಿಜೈ ಕೆಎಸ್‌ಆರ್‌ಟಿಸಿ. ಗಡಿಯಾರದಲ್ಲಿ ನೋಡಿದರೆ ವಿಮಾನಕ್ಕಿಂತ ಮೂರು ಗಂಟೆ ಹೆಚ್ಚು, ಆದರೆ ಹಗಲು ಒಂದು ನಿಮಿಷವೂ ಖರ್ಚಾಗುವುದಿಲ್ಲ. ಬಸ್ಸಿನಲ್ಲಿ ನಿದ್ದೆ ಬರುವವರಿಗೆ ಬಸ್ಸೇ ಲಾಭ, ಇದರಲ್ಲಿ ನಮಗೆ ಸಂಶಯವಿಲ್ಲ. ಬೆಳಗ್ಗೆ ಹೋಗಿ ಮೀಟಿಂಗ್ ಮುಗಿಸಿ ಸಂಜೆ ವಾಪಸ್ ಬರುವವರಿಗೆ ವಿಮಾನ ಬಿಟ್ಟು ಬೇರೆ ದಾರಿ ಇಲ್ಲ. ವಯಸ್ಸಾದವರು, ಬೆನ್ನುನೋವಿನವರು, ಚಿಕ್ಕ ಮಕ್ಕಳೊಂದಿಗೆ ಹೋಗುವವರಿಗೂ ವಿಮಾನ ವಾಸಿ.

ರೈಲು ಇನ್ನೂ ನಿಧಾನ, ಸುಮಾರು ಒಂಬತ್ತು ಹತ್ತು ಗಂಟೆ. ತಡವಾಗುವುದು ಒಂದೇ ಕಡೆ: ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ತನಕದ 55 ಕಿ.ಮೀ. ಘಟ್ಟ. ಅಲ್ಲಿ 57 ಸುರಂಗ, 50 ಮೀಟರ್ ಮುಂದೆ ಹೋದರೆ ಒಂದು ಮೀಟರ್ ಇಳಿಯುವ ಇಳಿಜಾರು. ರೈಲಿನ ಮಟ್ಟಿಗೆ ಇದು ಕಡಿದಾದ ಇಳಿಜಾರೇ. ಇಳಿಯುವ ಮುಂಚೆ ಬ್ರೇಕ್ ಪರೀಕ್ಷೆ, ಹತ್ತುವಾಗ ಹಿಂದಿನಿಂದ ತಳ್ಳುವ ಹೆಚ್ಚುವರಿ ಎಂಜಿನ್, ನಡುವೆ ವೇಗ ಗಂಟೆಗೆ 30 ಕಿ.ಮೀ. ಹೀಗಾಗಿ ಆ 55 ಕಿ.ಮೀ.ಗೇ ಎರಡೂವರೆ ಗಂಟೆಯ ತನಕ ಹೋಗುತ್ತದೆ. ಅಷ್ಟು ಹೊತ್ತಿನಲ್ಲಿ ವಿಮಾನ ಮಂಗಳೂರಿಗೆ ಹೋಗಿ, ಜನ ಇಳಿಸಿ ಹತ್ತಿಸಿ, ಮತ್ತೆ ದೇವನಹಳ್ಳಿಗೆ ಬಂದಿರುತ್ತದೆ. ರೈಲು ಆರಿಸುವಾಗ ಕುಣಿಗಲ್–ಹಾಸನ ಮಾರ್ಗವೋ ಮೈಸೂರು ಬಳಸಿ ಹೋಗುವುದೋ ನೋಡಿಕೊಳ್ಳಿ. ಮೈಸೂರು ಮೂಲಕವಾದರೆ ಸುತ್ತು ಹೆಚ್ಚು. ಮಂಗಳೂರು ಜಂಕ್ಷನ್ ಮತ್ತು ಮಂಗಳೂರು ಸೆಂಟ್ರಲ್ ಬೇರೆ ಬೇರೆ ಸ್ಟೇಷನ್ ಎಂಬುದನ್ನೂ ಮರೆಯಬೇಡಿ.

ಮಳೆಗಾಲದಲ್ಲಿ ವಿಮಾನ ನಂಬಬಹುದೇ?

ಜೂನ್‌ನಿಂದ ಸೆಪ್ಟೆಂಬರ್ ತನಕ ಮೂರೂ ದಾರಿಗೆ ತೊಂದರೆ ಇದ್ದದ್ದೇ. ರಸ್ತೆಯಲ್ಲಿ ಶಿರಾಡಿ ಕುಸಿಯುತ್ತದೆ. 2024ರ ಜುಲೈನಲ್ಲಿ ಸಕಲೇಶಪುರದ ಹತ್ತಿರ ದೊಡ್ಡತಪ್ಪಲೆಯಲ್ಲಿ ಗುಡ್ಡ ಜರಿದು ಸಂಚಾರ ನಿಂತಿತ್ತು. ಆಗ ಎಲ್ಲರೂ ಚಾರ್ಮಾಡಿಗೋ ಸಂಪಾಜೆಗೋ ತಿರುಗುತ್ತಾರೆ, ಅಲ್ಲೂ ಇಕ್ಕಟ್ಟು. ಶಿರಾಡಿ ಮುಚ್ಚಿತೆಂಬ ಸುದ್ದಿ ಬಂದ ಗಳಿಗೆಯಲ್ಲೇ ವಿಮಾನದ ಟಿಕೆಟ್ ದರ ಏರುತ್ತದೆ. ಜೋರು ಮಳೆಯ ವಾರದಲ್ಲಿ ತಪ್ಪಿಸಲಾಗದ ಕೆಲಸವಿದ್ದರೆ ಮೊದಲೇ ಬುಕ್ ಮಾಡಿ.

ವಿಮಾನದ ಕಷ್ಟ ಬೇರೆ. ಬಜ್ಪೆಯಲ್ಲಿ ಮಳೆ ಪರದೆಯಂತೆ ಸುರಿದಾಗ ಪೈಲಟ್‌ಗೆ ನಿಗದಿತ ಎತ್ತರಕ್ಕೆ ಬರುವಷ್ಟರಲ್ಲಿ ರನ್‌ವೇ ದೀಪ ಕಾಣಬೇಕು. ಕಾಣದಿದ್ದರೆ ಇಳಿಯುವಂತಿಲ್ಲ, ಎಂಜಿನ್ ಜೋರು ಮಾಡಿ ಮತ್ತೆ ಮೇಲೇರಬೇಕು. ಒಳಗೆ ಕೂತವರಿಗೆ ಎದೆ ಧಸಕ್ಕೆನ್ನುತ್ತದೆ, ಪೈಲಟ್‌ಗಳಿಗೆ ಅದು ಅಭ್ಯಾಸದ ಕೆಲಸ. ಮಳೆ ಕಡಿಮೆಯಾಗಲೆಂದು ಆಕಾಶದಲ್ಲೇ ಸುತ್ತು ಹೊಡೆಯುತ್ತಾರೆ. ಎಷ್ಟು ಹೊತ್ತು ಎನ್ನುವುದು ಇಂಧನದ ಲೆಕ್ಕ: ಗುರಿ ಮುಟ್ಟುವಷ್ಟು, ಅಲ್ಲಿ ಆಗದಿದ್ದರೆ ಬದಲಿ ನಿಲ್ದಾಣಕ್ಕೆ ಹೋಗುವಷ್ಟು, ಅದರ ಮೇಲೆ ಕೊನೆಯ 30 ನಿಮಿಷದ ಮೀಸಲು ಯಾವಾಗಲೂ ಇರಲೇಬೇಕು. ಹೆಚ್ಚಿಗೆ ತುಂಬಿಸಿಕೊಂಡದ್ದು ಮುಗಿದ ಕೂಡಲೇ ಬದಲಿ ನಿಲ್ದಾಣಕ್ಕೆ ಹೊರಡುತ್ತಾರೆ. ಅದು ಕಣ್ಣೂರು ಅಥವಾ ಕೊಚ್ಚಿ ಇರಬಹುದು. ಎಷ್ಟೋ ಸಲ ಬೆಂಗಳೂರಿಗೇ ವಾಪಸ್. ಎರಡು ಗಂಟೆ ಹಾರಿ ಹತ್ತಿದಲ್ಲೇ ಇಳಿದವರು ಕರಾವಳಿಯಲ್ಲಿ ಬೇಕಾದಷ್ಟಿದ್ದಾರೆ.

ಮಳೆಗಾಲದಲ್ಲಿ ಮದುವೆ, ಪರೀಕ್ಷೆ, ಕೋರ್ಟು ಎಂದರೆ ಆ ದಿನದ ಕೊನೆಯ ವಿಮಾನ ಹಿಡಿಯಬೇಡಿ. ಬೆಳಗಿನದು ರದ್ದಾದರೆ ಇನ್ನೊಂದು ಇರುತ್ತದೆ, ರಾತ್ರಿ ಬಸ್ಸಾದರೂ ಇರುತ್ತದೆ.

ಡಿಸೆಂಬರ್, ಜನವರಿಯಲ್ಲಿ?

ಆಗ ಮಂಗಳೂರು ಚೆನ್ನಾಗಿರುತ್ತದೆ, ಕೈಕೊಡುವುದು ದೇವನಹಳ್ಳಿ. ಸಮುದ್ರಮಟ್ಟದಿಂದ 915 ಮೀಟರ್ ಎತ್ತರದ ಬಯಲು, ಬೆಳಗಿನ ಜಾವ ನಾಲ್ಕರಿಂದ ಎಂಟರ ತನಕ ಮಂಜು ಕೂರುತ್ತದೆ. ಬೆಂಗಳೂರು ಪೇಟೆಯಲ್ಲಿ ಬಿಸಿಲು ಬಂದಿದ್ದರೂ ಅಲ್ಲಿ ಎದುರಿನ ಗಾಡಿ ಕಾಣದಿರಬಹುದು. ಮಂಜಿನಲ್ಲಿ ಇಳಿಸುವ ಉಪಕರಣ ಇದ್ದರೂ ಆ ವಿಮಾನಕ್ಕೂ ಅದರ ಪೈಲಟ್‌ಗೂ ಅದಕ್ಕೆ ಅರ್ಹತೆ ಇರಬೇಕು. ಈ ಎರಡು ತಿಂಗಳಲ್ಲಿ ಒಂಬತ್ತರ ನಂತರದ ವಿಮಾನ ಸುರಕ್ಷಿತ ಆಯ್ಕೆ. ಮಂಗಳೂರಿನಿಂದ ಬೆಳಗ್ಗೆ ಬಂದು ಬೆಂಗಳೂರಿನಲ್ಲಿ ಇನ್ನೊಂದು ವಿಮಾನ ಹಿಡಿಯುವವರು ಇದನ್ನು ವಿಶೇಷವಾಗಿ ಗಮನಿಸಿ.

ಮಂಗಳೂರಿನದು ಟೇಬಲ್‌ಟಾಪ್ ರನ್‌ವೇ. ಅಪಾಯವೇ?

ಗುಡ್ಡದ ತಲೆ ಸಮ ಮಾಡಿ ಕಟ್ಟಿದ ರನ್‌ವೇ ಅದು, ತುದಿಗಳಾಚೆ ಕಣಿವೆ. 2010ರ ಮೇ 22ರಂದು ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ರನ್‌ವೇ ದಾಟಿ ಕಣಿವೆಗೆ ಬಿದ್ದು 158 ಜನ ಸತ್ತರು, ಬದುಕುಳಿದವರು ಎಂಟು ಮಂದಿ. ವಿಮಾನ ಇರಬೇಕಾದ್ದಕ್ಕಿಂತ ಹೆಚ್ಚು ಎತ್ತರದಲ್ಲಿ ಬಂದು ರನ್‌ವೇಯ ಬಹುಭಾಗ ಕಳೆದ ಮೇಲೆ ನೆಲ ಮುಟ್ಟಿತ್ತು, ಇಳಿಯುವ ಪ್ರಯತ್ನವನ್ನು ಕೈಬಿಡದ್ದೇ ಕಾರಣ ಎಂದು ತನಿಖೆ ಹೇಳಿತು. ಉದ್ದದ ವಿಷಯಕ್ಕೆ ಬಂದರೆ 2,450 ಮೀಟರ್ ಎ320 ಜೆಟ್‌ಗೂ ಎಟಿಆರ್‌ಗೂ ಸಾಕು. ಆದರೆ ತಪ್ಪಿಗೆ ಅಲ್ಲಿ ಜಾಗವಿಲ್ಲ. ಹಾಗಾಗಿ ಚಕ್ರವನ್ನು ನಯವಾಗಿ ತೇಲಿಸದೆ ಗುರುತಿನ ಜಾಗದಲ್ಲಿ ಗಟ್ಟಿಯಾಗಿ ಕೂರಿಸಿ ಬ್ರೇಕ್ ಹಾಕುತ್ತಾರೆ. ಬಜ್ಪೆಯಲ್ಲಿ ದಢಕ್ಕೆಂದು ಇಳಿದರೆ ಪೈಲಟ್‌ಗೆ ಬೈಯಬೇಡಿ.

ವಿಮಾನ ರದ್ದಾದರೆ, ತಡವಾದರೆ ಏನು ಸಿಗುತ್ತದೆ?

ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮದಂತೆ, ಈ ರೀತಿಯ ಚಿಕ್ಕ ಹಾರಾಟ ಎರಡು ಗಂಟೆಗಿಂತ ಹೆಚ್ಚು ತಡವಾದರೆ ತಿಂಡಿ, ಪಾನೀಯ ಕೊಡಬೇಕು. ಸರಿಯಾಗಿ ಮುಂಚಿತವಾಗಿ ತಿಳಿಸದೆ ರದ್ದು ಮಾಡಿದರೆ ಬದಲಿ ವಿಮಾನ ಅಥವಾ ಪೂರ್ತಿ ಹಣ ವಾಪಸ್, ಜೊತೆಗೆ ಪರಿಹಾರ. ಬ್ಲಾಕ್ ಟೈಮ್ ಒಂದು ಗಂಟೆಯ ತನಕ ಇದ್ದರೆ 5,000 ರೂಪಾಯಿ, ಒಂದರಿಂದ ಎರಡು ಗಂಟೆಯಾದರೆ 7,500. ಅಥವಾ ಮೂಲ ದರಕ್ಕೆ ಇಂಧನ ಶುಲ್ಕ ಕೂಡಿಸಿದ ಮೊತ್ತ. ಎರಡರಲ್ಲಿ ಯಾವುದು ಕಡಿಮೆಯೋ ಅದು.

ಬೆಂಗಳೂರು–ಮಂಗಳೂರು ಸರಿಯಾಗಿ ಆ ಗಡಿಯ ಮೇಲೇ ಕೂತಿದೆ. ಟಿಕೆಟ್‌ನಲ್ಲಿ ಒಂದು ಗಂಟೆ ಎಂದಿದ್ದರೆ ಒಂದು ಲೆಕ್ಕ, ಒಂದು ಗಂಟೆ ಐದು ನಿಮಿಷ ಎಂದಿದ್ದರೆ ಇನ್ನೊಂದು. ಹಾಗಾಗಿ ಬುಕಿಂಗ್‌ನ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಮಳೆ, ಮಂಜಿನಂತಹ ಕೈಮೀರಿದ ಕಾರಣಕ್ಕೆ ರದ್ದಾದರೆ ಪರಿಹಾರ ಇಲ್ಲ, ಟಿಕೆಟ್ ಹಣ ಅಥವಾ ಬದಲಿ ವಿಮಾನ ಮಾತ್ರ.

ವಿದೇಶದಿಂದ ಬಂದು ಬೆಂಗಳೂರಿನಲ್ಲಿ ಮಂಗಳೂರು ವಿಮಾನ ಹಿಡಿಯಲು ಎಷ್ಟು ಅಂತರ ಬೇಕು?

ಮೂರು ಗಂಟೆ ಇರಲಿ, ಎರಡು ಬೇರೆ ಬೇರೆ ಟಿಕೆಟ್ ಆಗಿದ್ದರೆ ನಾಲ್ಕು. ಇಮಿಗ್ರೇಷನ್, ಕಸ್ಟಮ್ಸ್ ಎರಡೂ ಬೆಂಗಳೂರಿನಲ್ಲೇ ಮುಗಿಯಬೇಕು. ಬ್ಯಾಗಿಗೆ ಮಂಗಳೂರು ಎಂದು ಚೀಟಿ ಅಂಟಿಸಿದ್ದರೂ ಬೆಂಗಳೂರಿನ ಬೆಲ್ಟ್‌ನಿಂದ ನೀವೇ ಎತ್ತಿಕೊಂಡು ಕಸ್ಟಮ್ಸ್ ದಾಟಿ ಮತ್ತೆ ಕೊಡಬೇಕು. ಚೀಟಿ ನೋಡಿ, ಅದಾಗಿಯೇ ಹೋಗುತ್ತದೆ ಎಂದುಕೊಂಡು ಬರಿಗೈಯಲ್ಲಿ ಬಜ್ಪೆಗೆ ಇಳಿಯುವವರು ಪ್ರತಿ ರಜೆಯಲ್ಲೂ ಇರುತ್ತಾರೆ. ವಿದೇಶಿ ವಿಮಾನಗಳೆಲ್ಲ ಟಿ2ಗೆ ಬರುವುದರಿಂದ ಮುಂದಿನದು ಟಿ1ರಿಂದ ಇದ್ದರೆ ಟರ್ಮಿನಲ್ ಬದಲಿಸುವ ಹೊತ್ತನ್ನೂ ಸೇರಿಸಿ.

ಯಾವ ಕಡೆಯ ಕಿಟಕಿ?

ಮಂಗಳೂರಿಗೆ ಹೋಗುವಾಗ ಬಲಗಡೆ. ಹಾಸನದ ಆಸುಪಾಸು ದಾಟಿದ ಮೇಲೆ ಬಲಕ್ಕೆ ಕುದುರೆಮುಖದ ಸಾಲು, ಶಿಖರದ ಎತ್ತರ 1,894 ಮೀಟರ್. ಬಯಲು ಒಮ್ಮೆಲೇ ಮುರಿದು ಹಸಿರು ಕಣಿವೆಯಾಗುವ ಜಾಗ ನೋಡಲು ಸಿಗುವುದು ಮೂರು ನಾಲ್ಕು ನಿಮಿಷ ಮಾತ್ರ. ಅಕ್ಟೋಬರ್ ಕೊನೆಯಿಂದ ಜನವರಿ ತನಕ ಬೆಳಗಿನ ಹೊತ್ತು ಚೆನ್ನ, ಮಳೆಗಾಲದಲ್ಲಿ ಹತ್ತಿಯಂಥ ಮೋಡ ಬಿಟ್ಟರೆ ಬೇರೇನೂ ಇಲ್ಲ.

ಎರಡೂ ಊರಿಗೆ ಸಮಯದ ವ್ಯತ್ಯಾಸ ಇದೆಯೇ?

ಗಡಿಯಾರ ಒಂದೇ, ಸೂರ್ಯ ಬೇರೆ. ರೇಖಾಂಶದ ಪ್ರತಿ ಡಿಗ್ರಿಗೆ ನಾಲ್ಕು ನಿಮಿಷದಂತೆ 2.82 ಡಿಗ್ರಿಗೆ ಹನ್ನೊಂದು ನಿಮಿಷ. ಬೆಂಗಳೂರಿಗಿಂತ ಮಂಗಳೂರಿನಲ್ಲಿ ಸೂರ್ಯ ಅಷ್ಟು ತಡವಾಗಿ ಹುಟ್ಟಿ ಅಷ್ಟೇ ತಡವಾಗಿ ಮುಳುಗುತ್ತಾನೆ. ಸಂಜೆ ಮುಳುಗುವ ಹೊತ್ತಿಗೆ ಬೆಂಗಳೂರಿನಿಂದ ಹೊರಟರೆ ವಿಮಾನ ಸೂರ್ಯನ ಬೆನ್ನು ಹತ್ತಿದಂತಾಗಿ ಸಂಜೆಗೆಂಪು ಎಂದಿಗಿಂತ ಹೆಚ್ಚು ಹೊತ್ತು ಉಳಿಯುತ್ತದೆ.

ಲಗೇಜಿನಲ್ಲಿ ಏನೇನು ತರಬಹುದು?

ದೇಶೀಯ ಹಾರಾಟಕ್ಕೆ ಸಾಮಾನ್ಯ ಮಿತಿ ಚೆಕ್-ಇನ್ 15 ಕೆ.ಜಿ., ಕೈಚೀಲ 7 ಕೆ.ಜಿ. ಅಗ್ಗದ ಕೆಲವು ಟಿಕೆಟ್‌ಗಳಲ್ಲಿ ಚೆಕ್-ಇನ್ ಬ್ಯಾಗೇ ಇರುವುದಿಲ್ಲ, ಬುಕ್ ಮಾಡುವಾಗ ನೋಡಿಕೊಳ್ಳಿ. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು, ಚೆಕ್-ಇನ್‌ನಲ್ಲಿ ಹಾಕಿದರೆ ಬ್ಯಾಗ್ ಬದಿಗಿಟ್ಟು ನಿಮ್ಮನ್ನು ಕರೆಯುತ್ತಾರೆ.

ಊರಿಂದ ವಾಪಸ್ ಬರುವವರ ಬ್ಯಾಗ್ ಬಜ್ಪೆಯಲ್ಲಿ ತೆರೆಸುವುದು ಹೆಚ್ಚಾಗಿ ಒಣ ಕೊಬ್ಬರಿಗೆ. ಅದರಲ್ಲಿ ಎಣ್ಣೆಯ ಅಂಶ ಹೆಚ್ಚು, ಬೇಗ ಬೆಂಕಿ ಹತ್ತುವ ವಸ್ತುವೆಂದು ನಿಷೇಧ. ಮೆಣಸಿನ ಪುಡಿ ಕೈಚೀಲದಲ್ಲಿ ಬೇಡ, ಚೆಕ್-ಇನ್‌ನಲ್ಲಿ ಹಾಕಿ. ತೆಂಗಿನೆಣ್ಣೆಯ ಬಾಟಲಿಗೆ ಮುಚ್ಚಳದ ಕೆಳಗೆ ಪ್ಲಾಸ್ಟಿಕ್ ಹಾಳೆ ಸುತ್ತಿ ಬಿಗಿಮಾಡಿ, ದಪ್ಪ ಚೀಲದೊಳಗೆ ನೆಟ್ಟಗೆ ನಿಲ್ಲಿಸಿ. ಏರುವಾಗ ಒತ್ತಡ ಇಳಿದು ಸಡಿಲ ಮುಚ್ಚಳದಿಂದ ಎಣ್ಣೆ ಜಿನುಗುತ್ತದೆ. ಹಸಿ ಮೀನಿಗೆ ಒಂದೊಂದು ಕಂಪನಿಯದು ಒಂದೊಂದು ನಿಯಮ, ಕರಗುವ ಐಸು ಇದ್ದರೆ ಬಹುತೇಕ ಬೇಡವೆನ್ನುತ್ತಾರೆ. ಒಣಮೀನು ತರುವುದಾದರೆ ಮೂರು ಸುತ್ತು ಕಟ್ಟಿ, ಪಕ್ಕದ ಬ್ಯಾಗಿನಲ್ಲಿ ಯಾರದೋ ರೇಷ್ಮೆ ಸೀರೆ ಇರುತ್ತದೆ. ಕೋರಿ ರೊಟ್ಟಿಗೆ ತಡೆ ಏನಿಲ್ಲ, ಪುಡಿಯಾಗದಂತೆ ಕೈಚೀಲದಲ್ಲಿಟ್ಟುಕೊಳ್ಳಿ. ಮಲ್ಲಿಗೆ ಚೆಂಡು ಬಾಳೆ ಎಲೆಯಲ್ಲಿ ಕಟ್ಟಿದ್ದು ಕೈಯಲ್ಲೇ ಇರಲಿ.